ಒಬ್ಬರೇ ಆಡಿದ ಭಾಷೆ

ಮಗಳು ಶಾಲೆಯ ಕ್ವಿಜ್‌ಗೆ ತಯಾರಾಗುವಾಗ ಫೋನು ಅವಳ ಕೈಯಲ್ಲಿರುತ್ತದೆ, ಪ್ರಶ್ನೆಗಳು ನನ್ನ ತಲೆಯ ಮೇಲೆ ಬೀಳುತ್ತವೆ. ಮೊನ್ನೆ ಸಂಜೆ ಮಾಲೂರಿನ ನಮ್ಮ ಮನೆಯ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದೆ. "ಅಮ್ಮ, ಟಿಬೆಟಿಯನ್ ಭಾಷೆ ಎಷ್ಟು ಜನ ಮಾತಾಡ್ತಾರೆ ಹೇಳು?" ಎಂದಳು. ನನಗೆ ಗೊತ್ತಿಲ್ಲವೆಂದು ಅವಳಿಗೆ ಗೊತ್ತೇ ಇತ್ತು. ಅದು ಒಂದೇ ಭಾಷೆಯಲ್ಲ, ಲಾಸಾ ಕಡೆಯದು ಒಂದು, ಖಾಮ್ ಕಡೆಯದು ಒಂದು, ಆಮ್ಡೊ ಕಡೆಯದು ಇನ್ನೊಂದು, ಒಂದೊಂದನ್ನೂ ಆಡುವವರು ಲಕ್ಷಗಟ್ಟಲೆ ಎಂದು ಓದಿ ಹೇಳಿದಳು. ಆಮ್ಡೊ ಎಂಬ ಹೆಸರು ಕಿವಿಗೆ ಬಿದ್ದದ್ದೇ ನನ್ನ ಕೈ ನಿಂತಿತು. ನಾನು ಆ ಭಾಷೆ ಮೊದಲು ಕೇಳಿದ ದಿನ ಅದನ್ನು ಆಡುತ್ತಿದ್ದವರು ಒಬ್ಬರೇ. ಕೇಳಿಸಿಕೊಂಡವರು ಒಂದು ವಾರ್ಡು ತುಂಬ ಇದ್ದೆವು, ತಿಳಿದವರು ಯಾರೂ ಇರಲಿಲ್ಲ.

ಆಗ ಇವಳಿನ್ನೂ ಹುಟ್ಟಿರಲಿಲ್ಲ. ಗೌನಿಪಲ್ಲಿಯಲ್ಲಿ ನನ್ನ ಅಮ್ಮ ಕೊಟ್ಟಿಗೆಯ ಮುಂದೆ ಜಾರಿ ಬಿದ್ದು ಕೈ ಮುರಿದುಕೊಂಡಿದ್ದಳು. ಕೋಲಾರದ ಆಸ್ಪತ್ರೆಯಲ್ಲಿ ಜೊತೆಗಿದ್ದವಳು ನಾನು. ಜೊತೆಗಿರುವುದೆಂದರೆ ನಿಮಗೆ ಗೊತ್ತಲ್ಲ, ರೋಗಿಗೆ ಬಂದ ಬ್ರೆಡ್ಡು ಮುಗಿಸುವುದು, ಅಕ್ಕಪಕ್ಕದ ಹಾಸಿಗೆಯವರ ಕಥೆ ವಿಚಾರಿಸುವುದು. ಎರಡರಲ್ಲೂ ನಾನು ಹಿಂದೆ ಬಿದ್ದವಳಲ್ಲ.

ಪಕ್ಕದ ಹಾಸಿಗೆಗೆ ಒಬ್ಬ ಟಿಬೆಟಿಯನ್ ಅಜ್ಜಿ ಬಂದರು. ಚಳಿಗಾಲಕ್ಕೆಂದು ಕೋಲಾರದಲ್ಲಿ ಸ್ವೆಟರ್ ಅಂಗಡಿ ಹಾಕಿದ್ದವನ ತಾಯಿ. ಬಚ್ಚಲಲ್ಲಿ ಬಿದ್ದು ಕಾಲು ಮುರಿದಿತ್ತು. ಕಾಲಿಗೆ ತೂಕ ಕಟ್ಟಿ ಮಲಗಿಸಿದ್ದರಿಂದ ಏಳುವ ಹಾಗಿರಲಿಲ್ಲ. ಮಗ ಅಂಗಡಿ ಕಟ್ಟಿಟ್ಟು ಬರುತ್ತೇನೆಂದು ನನಗೆ ಹಿಂದಿಯಲ್ಲಿ ಹೇಳಿ, ಕೈಮುಗಿದು ಹೋದ.

ಅವನು ಹೋದ ಸ್ವಲ್ಪ ಹೊತ್ತಿಗೆ ಅಜ್ಜಿ ಏನೋ ಹೇಳತೊಡಗಿದರು. ಮೆಲ್ಲಗೆ, ಒಂದೇ ಮಾತು, ಮತ್ತೆ ಮತ್ತೆ. "ಏನ್ ಬೇಕು ಅಜ್ಜಿ?" ಎಂದು ಕೇಳಿದೆ. ತಿಳಿಯಲಿಲ್ಲವೆಂದು ಅದೇ ಕನ್ನಡವನ್ನು ಇನ್ನೂ ಜೋರಾಗಿ ಕೇಳಿದೆ. ಅಜ್ಜಿಯ ಕಿವಿ ಚೆನ್ನಾಗಿಯೇ ಇತ್ತು. ಅವರು ಹೊಟ್ಟೆಯ ಕೆಳಗೆ ಕೈಯಿಟ್ಟು ತೋರಿಸಿದರು. "ಹೊಟ್ಟೆನೋವು, ಅಷ್ಟೇ" ಎಂದು ಎದುರು ಹಾಸಿಗೆಯವಳ ಗಂಡ ತೀರ್ಪು ಕೊಟ್ಟ. ಎಳೆಯ ವಯಸ್ಸಿನ ಡಾಕ್ಟರು ಬಂದು ಹೊಟ್ಟೆ ಒತ್ತಿ ನೋಡಿದರು. ಅಜ್ಜಿ ನರಳಿದರು. ರೋಗಿಗಳನ್ನು ನೋಡಲು ಜನ ಬರುವ ಹೊತ್ತು ಬೇರೆ. ಗಂಡಸರು, ಹೆಂಗಸರು ಸುತ್ತ ಗುಂಪು ಕಟ್ಟಿದರು. ಮಗನ ಫೋನು ಹತ್ತಲಿಲ್ಲ.

"ಹೆರಿಗೆ ವಾರ್ಡಲ್ಲಿ ನಮ್ ಪೇಮಾ ಸಿಸ್ಟರ್ ಇದಾರಲ್ಲ, ಅವ್ರೂ ಇವ್ರ ಪೈಕೀನೇ. ಕರ್ಕೊಂಡ್ ಬರ್ತೀನಿ ತಡೀರಿ" ಎಂದು ಆಯಾ ಮುನಿಯಮ್ಮ ಓಡಿದಳು.

ಪೇಮಾ ಬಂದಳು. ಬೈಲಕುಪ್ಪೆಯ ಟಿಬೆಟ್ ಕ್ಯಾಂಪಿನಲ್ಲಿ ಹುಟ್ಟಿ ಬೆಳೆದ ಹುಡುಗಿ. ನನಗಿಂತ ಚೆನ್ನಾದ ಕನ್ನಡ. "ಅಮಾ" ಎಂದು ಅಜ್ಜಿಯ ಕೈ ಹಿಡಿದು ತನ್ನ ಭಾಷೆಯಲ್ಲಿ ಕೇಳಿದಳು. ಅಜ್ಜಿಯ ಮುಖ ಅರಳಿತು, ಮಾತು ಒಂದೇ ಸಮನೆ ಹರಿಯಿತು. ಪೇಮಾಳ ನಗು ಮಾತ್ರ ಇಳಿಯುತ್ತಾ ಬಂತು. ಮತ್ತೊಮ್ಮೆ ಕೇಳಿದಳು. ಅಜ್ಜಿ ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದರು.

"ಇವ್ರ ಭಾಷೆ ನಂಗೆ ಅರ್ಥ ಆಗ್ತಿಲ್ಲ ಸಾರ್" ಎಂದಳು ಪೇಮಾ.

ಗುಂಪು ನಕ್ಕಿತು. "ಅಯ್ಯೋ ಸಿಸ್ಟರ್, ನಿಮ್ ಭಾಷೆ ನಿಮಗೇ ಬರಲ್ವಾ?" ಎಂದಳು ಮುನಿಯಮ್ಮ. ಕೆಡುಕಿಲ್ಲದ ಮಾತೇ ಅದು. ಆದರೂ ಪೇಮಾಳ ಕಿವಿಯವರೆಗೂ ಕೆಂಪೇರಿತು.

ಅಷ್ಟರಲ್ಲಿ ಅಜ್ಜಿ ಹೊದಿಕೆಯನ್ನು ಮುಖದ ಮೇಲೆಳೆದುಕೊಂಡರು. ಹಾಸಿಗೆಯಿಂದ ನೆಲಕ್ಕೆ ತೊಟ್ಟಿಕ್ಕುವುದು ಎಲ್ಲರಿಗೂ ಕೇಳಿಸಿತು. ಅವರು ಅಷ್ಟು ಹೊತ್ತು ಕೇಳಿದ್ದು ಬೆಡ್‌ಪ್ಯಾನು. ಡಾಕ್ಟರಿಗೆ ಬೇರೆ ವಾರ್ಡು ನೆನಪಾಯಿತು. ತೀರ್ಪು ಕೊಟ್ಟವನು ಹೆಂಡತಿಯ ಕಡೆ ತಿರುಗಿ ಕಿತ್ತಲೆ ಸುಲಿಯತೊಡಗಿದ. ನಾನು ಎಲ್ಲಿ ನೋಡಬೇಕೋ ತಿಳಿಯದೆ ಅಮ್ಮನ ಕೈಯ ಪಟ್ಟಿ ನೋಡುತ್ತಾ ನಿಂತೆ.

ಪೇಮಾ ಪರದೆ ಎಳೆದಳು. ಮುನಿಯಮ್ಮನನ್ನು ಬೇಡವೆಂದು ತಾನೇ ಒರೆಸಿ, ಬಟ್ಟೆ ಬದಲಿಸಿದಳು. ಪರದೆಯ ಹಿಂದೆ ಅಜ್ಜಿ ಅಳುತ್ತಾ ಏನೋ ಹೇಳುತ್ತಿದ್ದರು, ಇವಳು ಇನ್ನೇನೋ ಹೇಳುತ್ತಿದ್ದಳು.

ಆಮೇಲೆ ಹೊರಗಿನ ಬೆಂಚಿನಲ್ಲಿ ಅವಳಿಗೆ ಟೀ ಕೊಟ್ಟೆ. ಕುಡಿಯಲಿಲ್ಲ, ಲೋಟವನ್ನು ಸುಮ್ಮನೆ ಹಿಡಿದು ಕೂತಳು.

"ಬರೆಯೋಕೆ ನಮ್ದೆಲ್ಲ ಒಂದೇ ಅಕ್ಷರ ಅಕ್ಕ. ಮಾತು ಬೇರೆ ಬೇರೆ. ಕ್ಯಾಂಪಲ್ಲಿ ಎಲ್ರೂ ಸೇರಿ ಆಡೋ ಮಾತು ನಂದು. ಇವ್ರದ್ದು ಆಮ್ಡೊ. ನಮ್ಮಜ್ಜೀನೂ ಆ ಕಡೆಯವ್ರೇ."

"ಮತ್ತೆ ನಿಮಗೆ?"

"ಅಜ್ಜಿ ನಮ್ ಹತ್ರ ಅದ್ನ ಆಡ್ತಾನೇ ಇರ್ಲಿಲ್ಲ. ಮೊಮ್ಮಕ್ಕಳನ್ನ ನೋಡಿ ಸ್ಕೂಲಲ್ಲಿ ನಗ್ತಾರೆ ಅಂತ. ದೇವರ ಮುಂದೆ ಕೂತಾಗ ಒಬ್ರೇ ಆಡ್ಕೊಳ್ಳೋರು. ಇವತ್ತು ಕೇಳಿದಾಗ ಅಜ್ಜಿ ದನೀನೇ ಕೇಳಿದ ಹಾಗಾಯ್ತು. ಒಂದ್ ಮಾತೂ ಗೊತ್ತಾಗ್ಲಿಲ್ಲ."

ಸಮಾಧಾನ ಹೇಳಲು ಬಾಯಿ ತೆರೆದೆ. ಶ್ರೀನಿವಾಸಪುರದ ಕಡೆಯವಳು ನಾನು, ಮನೆಯಲ್ಲಿ ತೆಲುಗು, ಹೊರಗೆ ಕನ್ನಡ ಆಡಿ ಬೆಳೆದವಳು. ಎರಡನ್ನೂ ಬಿಟ್ಟು, ಆರಿದ ಟೀ ಚೆಲ್ಲಿ ಬಿಸಿಯದು ತಂದುಕೊಟ್ಟೆ.

ಸಂಜೆ ಮಗ ಬಂದ. ನಡೆದದ್ದು ಕೇಳಿ ತಲೆ ತಗ್ಗಿಸಿದ. ತಾಯಿ ಈ ಕಡೆಗೆ ಬಂದದ್ದೇ ವಯಸ್ಸಾದ ಮೇಲೆ, ಬೇರೆ ಮಾತು ಕಲಿಯಲಿಲ್ಲ ಎಂದ. ಪರದೆಯ ಹಿಂದೆ ಅಜ್ಜಿ ಏನು ಹೇಳುತ್ತಿದ್ದರೆಂದು ಪೇಮಾ ಕೇಳಿದಳು. ಅವನು ತಾಯಿಯನ್ನು ವಿಚಾರಿಸಿದ. "ಗಲೀಜು ಮಾಡಿದೆ, ತಪ್ಪಾಯ್ತು ಮಗಳೇ ಅಂತ. ನೀನು ಯಾರ ಮನೆ ಹುಡುಗಿ ಅಂತಲೂ ಕೇಳಿದರಂತೆ."

ಮರುದಿನದಿಂದ ಕೆಲಸ ಮುಗಿದ ಮೇಲೆ ಪೇಮಾ ಬಂದು ಆ ಹಾಸಿಗೆಯ ಹತ್ತಿರ ಕೂರುತ್ತಿದ್ದಳು. ಮಗ ಹೇಳಿಕೊಡುತ್ತಿದ್ದ, ಇವಳು ಕಲಿಯುತ್ತಿದ್ದಳು. ನಾವು ಊರಿಗೆ ಹೊರಟ ದಿನ, ತನ್ನ ಅಜ್ಜಿಯ ಹೆಸರು, ಊರು ಸೇರಿಸಿ ಒಂದಿಡೀ ವಾಕ್ಯ ಹೇಳಿದಳು. ಅಜ್ಜಿ ಅವಳ ಎರಡೂ ಕೈ ಹಿಡಿದು ಏನೇನೋ ಹೇಳಿದರು. ಅದು ಇವಳಿಗೆ ಮತ್ತೆ ತಿಳಿಯಲಿಲ್ಲ. ತಲೆಯಾಡಿಸುತ್ತಾ ಕಣ್ಣೊರೆಸಿಕೊಂಡಳು.

ಇದನ್ನೆಲ್ಲ ಮಗಳಿಗೆ ಹೇಳಿ ಮುಗಿಸುವಷ್ಟರಲ್ಲಿ ಒಳಗಿನಿಂದ ಅಮ್ಮ ಕರೆದಳು. ಈಗ ಕೆಲವು ದಿನ ನಮ್ಮ ಮನೆಗೆ ಬಂದಿದ್ದಾಳೆ. "ಆ ದುಪ್ಪಟಿ ಇಟ್ಲಾ ಈಮ್ಮಾ, ಚಲಿ ಪೆಡತಾ ಉಂದಿ."

ಮಗಳು ನನ್ನ ಮುಖ ನೋಡಿದಳು. "ಅಜ್ಜಿ ಏನಂತಿದಾರೆ?"

ಚಳಿಯಾಗುತ್ತಿದೆ, ಹೊದಿಕೆ ಕೊಡು ಎನ್ನುತ್ತಿದ್ದಾಳೆ. ಅಷ್ಟೇ. ಇಷ್ಟು ವರ್ಷ ಅಮ್ಮನ ತೆಲುಗನ್ನು ಅವಳಿಗೆ ಕನ್ನಡ ಮಾಡಿ ದಾಟಿಸಿದವಳು ನಾನೇ. ಅವಳಿಗೆ ಒಂದು ಮಾತೂ ಕಲಿಸಿರಲಿಲ್ಲ. ಕಿವಿ ಬಿಸಿಯಾಯಿತು.

"ನೀನೇ ಹೋಗಿ ಕೇಳು" ಎಂದೆ. "ಏನ್ ಬೇಕು ಅಜ್ಜಿ ಅನ್ನೋಕೆ, ಏಂ ಕಾವಾಲ ಅವ್ವಾ, ಅನ್ನು."

ಅವಳು ಬಾಗಿಲಲ್ಲಿ ನಿಂತು ಹೇಗೋ ಸೊಟ್ಟಗೆ ಅಂದಳು. ಒಳಗೆ ಅಮ್ಮ ಗಟ್ಟಿಯಾಗಿ ನಕ್ಕಳು. ಮಗಳು ಓಡಿ ಬಂದು ನನ್ನ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. "ನಗ್ತಾರೆ. ನಾನ್ ಹೇಳಲ್ಲ ಹೋಗು."

"ನಗ್ಲಿ ಬಿಡೇ" ಎಂದೆ. "ಬಾ, ಇಬ್ರೂ ಹೋಗಿ ಹೇಳೋಣ."