ಸುತ್ತೋಲೆಯ ಅಂಚಿನ ಸಹಿ

ನನಗೊಂದು ಕೆಟ್ಟ ಅಭ್ಯಾಸವಿದೆ. ಸಹಿ ಹಾಕಬೇಕಾದ ಕಾಗದವನ್ನು ಪೂರ್ತಿ ಓದುತ್ತೇನೆ. ರಿಜಿಸ್ಟರ್ಡ್ ಟಪಾಲು ತಂದ ಅಂಚೆಯವರು ಚೀಟಿ ಮುಂದೆ ಹಿಡಿದರೆ ನಾನು ಕನ್ನಡಕ ಹುಡುಕಿ, ಸಣ್ಣಕ್ಷರಗಳನ್ನೆಲ್ಲ ಓದಿ, ಹಿಂಬದಿಯನ್ನೂ ತಿರುಗಿಸಿ ನೋಡಿ ಆಮೇಲೆ ಪೆನ್ನು ತೆಗೆಯುತ್ತೇನೆ. ಬಿಸಿಲಲ್ಲಿ ನಿಂತ ಅವರಿಗೆ ನನ್ನ ಹೆಂಡತಿ ಮಜ್ಜಿಗೆ ಕೊಟ್ಟು ಸಮಾಧಾನ ಮಾಡುತ್ತಾಳೆ. "ಇವರು ಬ್ಯಾಂಕಿನಲ್ಲಿದ್ದವರು" ಎಂದು ಕಾರಣವನ್ನೂ ಹೇಳುತ್ತಾಳೆ. ಬ್ಯಾಂಕಿನವರು ಎಲ್ಲವನ್ನೂ ಓದಿಯೇ ಸಹಿ ಹಾಕುತ್ತಾರೆಂದು ಜನ ನಂಬಿದ್ದಾರೆ. ಅವರ ನಂಬಿಕೆ ಕೆಡಿಸುವುದೇಕೆಂದು ಸುಮ್ಮನಿರುತ್ತೇನೆ. ನಿಮ್ಮ ಹತ್ತಿರ ಮಾತ್ರ ಹೇಳುತ್ತೇನೆ: ನೌಕರಿಯ ಮೊದಲ ಹತ್ತು ಹನ್ನೆರಡು ವರ್ಷ ನಾನು ಸುತ್ತೋಲೆಯೆಂಬ ವಸ್ತುವನ್ನು ಓದದೆಯೇ ಸಹಿ ಹಾಕಿದವನು.

ಸುತ್ತೋಲೆ ಎಂದರೆ ಮೇಲಿನ ಕಚೇರಿಯಿಂದ ಎಲ್ಲ ಶಾಖೆಗಳಿಗೆ ಬರುವ ಎಚ್ಚರಿಕೆಯ ಪತ್ರ. ಎಲ್ಲೋ ಒಂದು ಊರಲ್ಲಿ ಯಾರೋ ಹೊಸ ರೀತಿಯಲ್ಲಿ ಬ್ಯಾಂಕಿಗೆ ಟೋಪಿ ಹಾಕಿರುತ್ತಾನೆ. ಹೇಗೆ ಹಾಕಿದನೆಂದು ವಿವರಿಸಿ, ನೀವು ಹುಷಾರಾಗಿರಿ ಎಂದು ಇಂಗ್ಲಿಷಿನಲ್ಲಿ ಬರೆದಿರುತ್ತಿದ್ದರು. ಸಿಬ್ಬಂದಿಯೆಲ್ಲ ಅದನ್ನು ಓದಿ ಅಂಚಿನಲ್ಲಿ ಸಹಿ ಮಾಡಬೇಕು. ಎಪ್ಪತ್ತರ ದಶಕದಲ್ಲಿ ನಾನು ಗುಮಾಸ್ತನಾಗಿ ಸೇರಿದ ಜಗಳೂರಿನಲ್ಲಿ ಸುತ್ತೋಲೆಯ ಫೈಲು ಬಂದರೆ, ಬಲಗೈಯಲ್ಲಿ ಲೆಡ್ಜರ್ ಬರೆಯುತ್ತಿದ್ದವರು ಮುಖವೆತ್ತದೆ ಪೆನ್ನನ್ನು ಆ ಕಡೆ ಹೊರಳಿಸಿ ಒಂದು ಗೀಟು ಎಳೆದು ಮತ್ತೆ ಲೆಡ್ಜರಿಗೆ ಮರಳುತ್ತಿದ್ದರು. ನಾನು ಮೊದಲು ಕಲಿತ ಬ್ಯಾಂಕಿಂಗ್ ವಿದ್ಯೆ ಅದೇ.

ಓದಿದ್ದರೂ ಎಷ್ಟು ಪ್ರಯೋಜನವಾಗುತ್ತಿತ್ತೋ ಕಾಣೆ. ಜಗಳೂರಿನಲ್ಲಿ ಒಬ್ಬ ಕಿಟಕಿಯ ಗಾಜಿಗೆ ಕಾಗದ ಒತ್ತಿ ಬೇರೆಯವರ ಸಹಿಯ ಮೇಲೆ ಸಹಿ ತಿದ್ದಿ ದುಡ್ಡು ಎತ್ತಿದ. ನ್ಯಾಮತಿಗೆ ವರ್ಗವಾಗಿ ಹೋದರೆ, ಅಲ್ಲಿ ಮೇಲೆ ಚಿನ್ನ, ಒಳಗೆ ಅರಗು ತುಂಬಿದ ಬಳೆ ಅಡವಿಟ್ಟು ಒಬ್ಬಾಕೆ ಸಾಲ ಪಡೆದಿದ್ದಳು. ಅರಗಿನ ಬಳೆಯ ಬಗ್ಗೆ ಎಚ್ಚರಿಸುವ ಸುತ್ತೋಲೆ ನಮ್ಮ ಕೈ ಸೇರಿದ್ದು ಆಕೆ ಊರು ಬಿಟ್ಟ ಮೇಲೆ. ಕಳ್ಳನಿಗೆ ಕರಡು ಪ್ರತಿ ಬೇಕಿಲ್ಲ, ಮೇಲಧಿಕಾರಿಯ ಅನುಮೋದನೆ ಬೇಕಿಲ್ಲ, ಟೈಪಿಸ್ಟ್ ರಜೆಯಲ್ಲಿದ್ದಾರೆಂದು ಅವನ ಕೆಲಸ ನಿಲ್ಲುವುದಿಲ್ಲ. ಹಿಂದೆ ನಾಣ್ಯದ ಅಂಚು ಕೆರೆದು ಬೆಳ್ಳಿ ಕದಿಯುತ್ತಿದ್ದರಂತೆ. ಅದಕ್ಕಾಗಿ ಸರಾಫರು ಪ್ರತಿ ನಾಣ್ಯವನ್ನೂ ಕಲ್ಲಿನ ಮೇಲೆ ಟಣ್ ಎನ್ನಿಸಿ ಕೇಳುತ್ತಿದ್ದರಂತೆ. ನಾವು ಕಲ್ಲನ್ನೂ ಕಿವಿಯನ್ನೂ ಬಿಟ್ಟು ಸುತ್ತೋಲೆ ಹಿಡಿದುಕೊಂಡಿದ್ದೆವು.

ಹಾಗಾದರೆ ಇಂಥ ಮೋಸಗಳ ಸುದ್ದಿ ನಮಗೆ ತಿಳಿಯುತ್ತಿದ್ದುದು ಹೇಗೆ? ಎಂಬತ್ತರ ದಶಕದ ಆರಂಭದಲ್ಲಿ ನಾನು ಅಧಿಕಾರಿಯಾಗಿ ಬಡ್ತಿ ಪಡೆದು ಚನ್ನಗಿರಿಗೆ ಬಂದಾಗ ಅದಕ್ಕೆ ಉತ್ತರ ಸಿಕ್ಕಿತು. ಉತ್ತರದ ಹೆಸರು ಹಾಲಪ್ಪ. ಸಾಸ್ವೆಹಳ್ಳಿಯವರು, ಶಾಖೆಯ ಅಟೆಂಡರ್, ವಯಸ್ಸಿನಲ್ಲಿ ನನಗಿಂತ ಹದಿನೈದು ವರ್ಷ ಹಿರಿಯರು. ಫೈಲು ಮೇಜಿಂದ ಮೇಜಿಗೆ ಒಯ್ಯುವುದಷ್ಟೇ ಅವರ ಕೆಲಸ. ಆದರೆ ಏಳನೇ ಇಯತ್ತೆ ಓದಿದ್ದ ಅವರಿಗೆ, ಹೊತ್ತು ತಿರುಗುವ ಕಾಗದದಲ್ಲಿ ಏನಿದೆಯೆಂದು ತಿಳಿಯದಿದ್ದರೆ ತಿಂದದ್ದು ಅರಗುತ್ತಿರಲಿಲ್ಲ.

"ಸಾರ್, ಇದರಾಗೆ ಕಳ್ಳ ಏನ್ ಮಾಡ್ಯಾನೆ?" ಎಂದು ಟೀ ಹೊತ್ತಿಗೆ ನನ್ನ ಮುಂದೆ ಫೈಲು ಹಿಡಿದು ನಿಲ್ಲುತ್ತಿದ್ದರು. ನಾನು ಒಂದೆರಡು ವಾಕ್ಯ ನೋಡಿ ಹೇಳುತ್ತಿದ್ದೆ. ಉಳಿದದ್ದನ್ನು ಅವರು ಇನ್ನೊಬ್ಬರ ಹತ್ತಿರ ಕೇಳುತ್ತಿದ್ದರು. ಮರುದಿನ ಅದೇ ಸುತ್ತೋಲೆ ಅವರ ಬಾಯಲ್ಲಿ ಕೈಕಾಲು ಮೂಡಿಸಿಕೊಂಡು ಕಥೆಯಾಗಿ ಹೊರಬರುತ್ತಿತ್ತು. ಕ್ಯಾಷಿಯರ್ ಎಣಿಸುವುದನ್ನು ನಿಲ್ಲಿಸಿ ಕೇಳುತ್ತಿದ್ದರು. ಮ್ಯಾನೇಜರ್ ಕೂಡ ಬಾಗಿಲು ಸ್ವಲ್ಪ ತೆರೆದಿಡುತ್ತಿದ್ದರು. ಅಟೆಂಡರ್ ಸುತ್ತೋಲೆಗೆ ಸಹಿ ಮಾಡಬೇಕೆಂಬ ನಿಯಮವಿರಲಿಲ್ಲ. ಆದರೂ ನಮ್ಮೆಲ್ಲರ ಗೀಟುಗಳ ಕೆಳಗೆ ಅವರು ದುಂಡಗೆ ತಮ್ಮ ಹೆಸರು, ತಾರೀಕು, ಜೊತೆಗೆ "ಕೇಳಿ ತಿಳಿದುಕೊಂಡೆ" ಎಂದು ಬರೆಯುತ್ತಿದ್ದರು. ಅದನ್ನು ನೋಡಿ ನಾವು ನಗುತ್ತಿದ್ದೆವು. ನಾನಂತೂ ಬಹಳ ನಕ್ಕಿದ್ದೇನೆ.

ಆಗ ಖಾತೆ ತೆರೆಯಲು ಈಗಿನ ಹಾಗೆ ಫೋಟೋ, ಗುರುತಿನ ಚೀಟಿ ಇರಲಿಲ್ಲ. ಈಗಾಗಲೇ ಖಾತೆ ಇರುವವರೊಬ್ಬರು "ಇವರನ್ನು ನಾನು ಬಲ್ಲೆ" ಎಂದು ಪರಿಚಯದ ಸಹಿ ಹಾಕಿದರೆ ಸಾಕು. ಹಳ್ಳಿಯಿಂದ ಬಂದವರಿಗೆ ಪರಿಚಯದವರು ಸಿಗದಿದ್ದರೆ ನಾವು "ಹಾಲಪ್ಪ, ಒಂದು ಸಹಿ ಹಾಕ್ರಿ" ಎನ್ನುತ್ತಿದ್ದೆವು. ಅವರಿಗೂ ಖಾತೆ ಇತ್ತು. ಎಲ್ಲ ಶಾಖೆಗಳಲ್ಲೂ ಹೀಗೊಬ್ಬರು ಹಾಲಪ್ಪ ಇರುತ್ತಿದ್ದರು.

ಆ ವರ್ಷ ಠೇವಣಿ ಸಂಗ್ರಹದ ಗುರಿ ನಮ್ಮ ತಲೆ ಮೇಲೆ ಕೂತಿತ್ತು. ಅಂಥ ಹೊತ್ತಲ್ಲಿ ಅಡಿಕೆ ವ್ಯಾಪಾರಿಯೊಬ್ಬರ ಗುಮಾಸ್ತ ವಾರಕ್ಕೆ ನಾಲ್ಕೈದು ಹಮಾಲರನ್ನು ಕರೆತಂದು ಖಾತೆ ತೆರೆಸತೊಡಗಿದ. ಮೂಟೆ ಹೊತ್ತು ಹೊತ್ತು ಆ ಹಮಾಲರ ಹೆಬ್ಬೆರಳಿನ ಗೆರೆಗಳೇ ಸವೆದಿದ್ದವು. ಒತ್ತಿದರೆ ಬರೀ ನೀಲಿ ಮಚ್ಚೆ ಬೀಳುತ್ತಿತ್ತು. ಆದರೆ ಖಾತೆಗೆ ಬೀಳುತ್ತಿದ್ದ ಹಣ ಮಾತ್ರ ಹಮಾಲರದ್ದಾಗಿರಲು ಸಾಧ್ಯವಿಲ್ಲದಷ್ಟು ದಪ್ಪಗಿತ್ತು. ಒಂದು ದಿನ ಹಾಲಪ್ಪ ಫೈಲಿನ ಸಮೇತ ನನ್ನ ಮೇಜಿಗೆ ಬಂದರು.

"ಸಾರ್, ಮೊನ್ನೆ ಬಂದ ಸುತ್ತೋಲೆಯಾಗೆ ಇದೇ ಐತೆ ನೋಡ್ರಿ. ಬಡವರ ಹೆಸರಾಗೆ ಖಾತೆ ಮಾಡಿ ಸಾಹುಕಾರ್ರು ಲೆಕ್ಕಕ್ಕಿಲ್ಲದ ದುಡ್ಡು ಮುಚ್ಚಿಡ್ತಾರಂತೆ. ನಮ್ಮಲ್ಲೂ ಪಾಸ್‌ಬುಕ್ಕೆಲ್ಲ ಆ ಗುಮಾಸ್ತನೇ ಒಯ್ತಾನೆ. ಹೆಬ್ಬೆಟ್ಟು ಒತ್ತಿದೋರು ಒಬ್ರೂ ತಿರುಗಿ ಬಂದಿಲ್ಲ. ನನಗೆ ಸಹಿ ಹಾಕಾಕೆ ಹೆದರಿಕೆ ಆಗ್ತೈತೆ."

ನಾನು ನಕ್ಕೆ. "ಹಾಲಪ್ಪ, ಸುತ್ತೋಲೆ ಇರೋದು ಫೈಲಿಗೆ ಹಾಕೋಕೆ. ತಿಂಗಳ ಕೊನೆ ಬಂತು, ಸುಮ್ನೆ ಹಾಕ್ರಿ. ನಾನಿದ್ದೀನಲ್ಲ" ಎಂದೆ. ಅವರು ಫೈಲನ್ನು ಮೇಜಿನ ಮೇಲೆ ಇಟ್ಟರು. ಆಮೇಲೆ ನಾನು ಮುಂದೆ ತಳ್ಳಿದ ಅರ್ಜಿಗಳಿಗೆ ಒಂದೊಂದಾಗಿ ಸಹಿ ಹಾಕಿದರು.

ಮುಂದಿನ ವರ್ಷ ತಪಾಸಣೆಯವರು ಬಂದರು, ಖಾತೆಗಳ ಬಣ್ಣ ಬಯಲಾಯಿತು, ವಿಚಾರಣೆ ಶುರುವಾಯಿತು. ವಿಚಾರಣಾಧಿಕಾರಿ ಆ ಸುತ್ತೋಲೆಯನ್ನು ಹಾಲಪ್ಪನವರ ಮುಂದೆ ಇಟ್ಟು, ಇದು ನಿಮ್ಮದೇ ಸಹಿಯೇ, ಇದರಲ್ಲಿರುವುದು ನಿಮಗೆ ತಿಳಿದಿತ್ತೇ ಎಂದು ಕೇಳಿದರು. "ತಿಳಿದಿತ್ತು ಸಾರ್" ಎಂದರು ಹಾಲಪ್ಪ. ತಿಳಿದೂ ಪರಿಚಯದ ಸಹಿ ಹಾಕಿದ್ದೇಕೆ? ಹಾಲಪ್ಪ ಒಂದು ಸಲ, ಪಕ್ಕದಲ್ಲೇ ಕೂತಿದ್ದ ನನ್ನ ಕಡೆ ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ. "ತಪ್ಪಾತು ಸಾರ್" ಎಂದರು.

ನನ್ನ ಸರದಿ ಬಂದಾಗ, ಕೆಲಸದ ಒತ್ತಡದಲ್ಲಿ ಸುತ್ತೋಲೆ ಓದದೆ ಸಹಿ ಮಾಡಿದೆನೆಂದು ಹೇಳಿದೆ. ವಿಚಾರಣಾಧಿಕಾರಿ ಸಣ್ಣಗೆ ನಕ್ಕರು. ಅವರೂ ಒಂದು ಕಾಲಕ್ಕೆ ಗೀಟು ಎಳೆದವರೇ. ಓದದವನಿಗೆ ಲಿಖಿತ ಎಚ್ಚರಿಕೆ, ಹೊನ್ನಾಳಿಗೆ ವರ್ಗ. ತಿಳಿದುಕೊಂಡವರಿಗೆ ಕಡ್ಡಾಯ ನಿವೃತ್ತಿ. ಹಾಲಪ್ಪ ನನಗೆ ಹೇಳಿದ್ದರು ಎಂಬ ಒಂದೇ ಒಂದು ಮಾತು ನನ್ನ ಬಾಯಿಂದ ಹೊರಟಿದ್ದರೆ ಅವರ ಕೆಲಸ ಉಳಿಯುತ್ತಿತ್ತು. ನನ್ನದು ಹೋಗುತ್ತಿತ್ತೇನೋ. ಆ "ಏನೋ" ಎಂಬುದಕ್ಕೆ ಹೆದರಿ ನಾನು ಅವರನ್ನು ಬಿಟ್ಟುಕೊಟ್ಟೆ. ಇದನ್ನು ಎಷ್ಟು ತಿರುಗಿಸಿ ಬರೆದರೂ ಹೀಗೇ ಬರುತ್ತದೆ.

ಹೊನ್ನಾಳಿಯಲ್ಲಿದ್ದಾಗ ಒಂದು ಹೊಸ ಸುತ್ತೋಲೆ ಬಂತು. ಅಷ್ಟು ಹೊತ್ತಿಗೆ ನನಗೆ ಓದುವ ಚಾಳಿ ಹತ್ತಿತ್ತು. ನಾಲ್ಕು ಸಾಲು ಓದಿ ನಿಲ್ಲಿಸಿ, ಮತ್ತೆ ಮೊದಲಿಂದ ಓದಿದೆ. ಅದರ ಒಂದು ಪ್ರತಿ ಜೇಬಿನಲ್ಲಿಟ್ಟುಕೊಂಡು ಭಾನುವಾರ ಬೆಳಿಗ್ಗೆ ಸಾಸ್ವೆಹಳ್ಳಿಯ ಬಸ್ಸು ಹತ್ತಿದೆ. ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿದೆ.

ಹಾಲಪ್ಪ ಜಗಲಿಯಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದರು. ನನ್ನನ್ನು ಕಂಡು ಎದ್ದು ನಿಂತರು, ಆಫೀಸಿನಲ್ಲಿ ಏಳುತ್ತಿದ್ದ ಹಾಗೆಯೇ. "ಬರ್ರಿ ಸಾರ್, ಕುಂದುರ್ರಿ" ಎಂದು ಚಾಪೆ ಹಾಸಿದರು. ಅವರ ಹೆಂಡತಿ ಚಹಾ ತಂದಿಟ್ಟು, ಬಾಗಿಲು ಎಳೆದುಕೊಂಡು ಒಳಗೆ ಹೋದರು. ಜೋಡಿಸಿಕೊಂಡು ಬಂದ ಮಾತು ಬಿಟ್ಟು ನಾನು ಮಳೆ ಬೆಳೆ ವಿಚಾರಿಸಿದೆ. ಕೊನೆಗೆ ಅವರೇ ಕೇಳಿದರು: "ಹೊಸ ಸುತ್ತೋಲೆ ಏನಾರ ಬಂದೈತಾ ಸಾರ್? ಈಗ ಕಳ್ಳರು ಏನ್ ಮಾಡಾಕತ್ಯಾರೆ?"

ನಾನು ಜೇಬಿನಿಂದ ಕಾಗದ ತೆಗೆದು ಕನ್ನಡದಲ್ಲಿ ಹೇಳುತ್ತಾ ಓದಿದೆ. ತಾಲ್ಲೂಕು ಕೇಂದ್ರದ ಶಾಖೆಯೊಂದರಲ್ಲಿ ಅಟೆಂಡರೊಬ್ಬ ಕೂಲಿಕಾರರ ಹೆಸರಿನ ಸುಳ್ಳು ಖಾತೆಗಳಿಗೆ ತಿಳಿದೂ ಪರಿಚಯದ ಸಹಿ ಹಾಕಿರುತ್ತಾನೆ. ಎಲ್ಲ ಶಾಖೆಗಳೂ ಇಂಥ ನೌಕರರ ಬಗ್ಗೆ ಎಚ್ಚರದಿಂದಿರತಕ್ಕದ್ದು. ಹಾಲಪ್ಪನವರ ಕೈಯಲ್ಲಿ ಹಗ್ಗ ನಿಂತಿತು. ಕೊನೆಯವರೆಗೂ ಕೇಳಿದರು.

"ನಾ ನಿಮಗೆ ಮೊದ್ಲೇ ಹೇಳಿದ್ದು ಅದರಾಗೆ ಐತಾ ಸಾರ್?"

"ಇಲ್ಲ" ಎಂದೆ.

"ಇರ್ಲಿ ಬಿಡ್ರಿ. ಪೆನ್ನು ಕೊಡ್ರಿ ಇಲ್ಲಿ."

ಕಾಗದವನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಅಂಚಿನಲ್ಲಿ ದುಂಡಗೆ ಹೆಸರು ಬರೆದರು. ತಾರೀಕು ಹಾಕಿದರು. ಕೆಳಗೆ "ಕೇಳಿ ತಿಳಿದುಕೊಂಡೆ" ಎಂದು ಬರೆದರು. ಆಮೇಲೆ ಪೆನ್ನನ್ನು ನನ್ನ ಕಡೆ ಚಾಚಿದರು. ಮುಖದಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

"ನೀವೂ ಹಾಕ್ರಿ ಸಾರ್. ಈ ಸಲ ಓದೀರಲ್ಲ."

ಹಾಕಿದೆ. ಆ ಕಾಗದ ಈಗಲೂ ನನ್ನ ಪೆಟ್ಟಿಗೆಯಲ್ಲಿದೆ. ಬ್ಯಾಂಕಿನಲ್ಲಿದ್ದವನೆಂದು ಹೆಂಡತಿ ಅಂಚೆಯವರಿಗೆ ಹೇಳುವ ಕಾರಣವನ್ನು ನಾನು ತಿದ್ದಲು ಹೋಗಿಲ್ಲ. ಅವರು ಮಜ್ಜಿಗೆ ಕುಡಿದು ಮುಗಿಸುವಷ್ಟರಲ್ಲಿ ನಾನೂ ಓದಿ ಮುಗಿಸುತ್ತೇನೆ. ಹಾಲಪ್ಪ ಈಗಿಲ್ಲ. ಆದರೂ ಪೆನ್ನು ಕಾಗದಕ್ಕೆ ತಾಗುವ ಮುಂಚೆ ಪ್ರತಿ ಸಲವೂ, ಅವರು ಮೇಜಿನ ಪಕ್ಕ ನಿಂತು ಕಾಯುತ್ತಿರುವರೇನೋ ಎಂದು ಒಂದು ಗಳಿಗೆ ತಲೆಯೆತ್ತಿ ನೋಡುತ್ತೇನೆ.