ಮೂರೊಂದನ್ನು ಬಿಟ್ಟು

ಮೂರು ಎಂಬ ಸಂಖ್ಯೆಯನ್ನು ಕಂಡು ಮನುಷ್ಯರು ಬೆಚ್ಚಿಬೀಳಬಹುದು ಎಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಹಾವಿಗೆ ಬೆಚ್ಚುವುದು ಸಹಜ, ಸಿಡಿಲಿಗೆ ಬೆಚ್ಚುವುದೂ ಸಹಜ. ನಾನು ಟೀಚರಾಗಿದ್ದರಿಂದ ಶಾಲಾ ತನಿಖಾಧಿಕಾರಿಗಳ ಜೀಪಿನ ಸದ್ದಿಗೂ ಬೆಚ್ಚಿದ್ದೇನೆ. ಆದರೆ ಮೂರು? ಅದೊಂದು ಪಾಪದ ಸಂಖ್ಯೆ. ಎರಡರ ಹಿಂದೆ ಬಂದು, ನಾಲ್ಕಕ್ಕೆ ದಾರಿ ಬಿಟ್ಟು, ತನ್ನ ಪಾಡಿಗೆ ತಾನಿರುತ್ತದೆ. ಅಂಥ ಮೂರು ನನ್ನ ಬಾಯಿಂದಲೇ ಹೊರಬಿದ್ದು, ನನ್ನ ಗುರುಗಳ ತಲೆಗೆ ತೆಂಗಿನಕಾಯಿಯಂತೆ ಬಡಿದ ಕತೆ ಇದು.

ಅರವತ್ತರ ದಶಕದಲ್ಲಿ ನಮ್ಮ ಶಾಲೆಗಳಿಗೆ 'ಹೊಸ ಗಣಿತ' ಬಂತು. ಹಳೆಯ ಗಣಿತವೇ ಮಕ್ಕಳಿಗೆ ಜೀರ್ಣವಾಗದೆ ಇರುವಾಗ ಹೊಸತು ಯಾಕೆ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಬೇಸಿಗೆ ರಜೆಯಲ್ಲಿ ಸುತ್ತಲಿನ ಹೈಸ್ಕೂಲುಗಳ ಗಣಿತದ ಮಾಸ್ಟ್ರುಗಳನ್ನೆಲ್ಲ ಮೂಡಬಿದಿರೆಗೆ ತರಬೇತಿಗೆ ಕರೆದರು. ನಾನಾಗ ಬೆಳ್ತಂಗಡಿಯಲ್ಲಿ ಬಾಡಿಗೆ ಕೋಣೆ ಹಿಡಿದು ಪಾಠ ಹೇಳುತ್ತಿದ್ದೆ. ರಜೆಗೆಂದು ಬಂಟ್ವಾಳದ ತಾಯಿಮನೆಗೆ ಬಂದವಳು ಅಲ್ಲಿಂದಲೇ ದಿನಾ ಬಸ್ಸಿನಲ್ಲಿ ಹೋಗಿಬರುವುದೆಂದು ನಿಶ್ಚಯಿಸಿದೆ. ಮೊದಲ ದಿನ ಬಸ್ಸು ಹತ್ತಿ ನೋಡುತ್ತೇನೆ, ಮುಂದಿನ ಸೀಟಿನಲ್ಲಿ ಸೀತಾರಾಮ ಮಾಸ್ಟ್ರು!

ಮಾಸ್ಟ್ರು ಎಂದರೆ ನನಗೆ ಗಣಿತ ಕಲಿಸಿದವರು. ನನಗೆ ಮಾತ್ರವಲ್ಲ, ಬಂಟ್ವಾಳದ ಅರ್ಧ ಪೇಟೆಗೆ. ನಿವೃತ್ತಿ ಹತ್ತಿರ ಬಂದಿದ್ದರೂ ಇಸ್ತ್ರಿ ಹಾಕಿದ ಬಿಳಿ ಅಂಗಿಯ ಗತ್ತು ಇಳಿದಿರಲಿಲ್ಲ. ಪ್ರತಿವರ್ಷ ಮೊದಲ ತರಗತಿಯಲ್ಲಿ ಅವರು ಬೋರ್ಡಿನ ಮೇಲೆ ಒಂದು ಎರಡಕ್ಕೆ ಸಮ ಎಂದು ಸಾಧಿಸಿ ತೋರಿಸುತ್ತಿದ್ದರು. ನಾವು ಬಾಯಿ ತೆರೆದು ಕೂತಿರುವಾಗ, ನಡುವಿನ ಒಂದು ಸಾಲಿಗೆ ಬೆತ್ತ ಬಡಿದು, "ಇಲ್ಲಿ ಕಳ್ಳ ಇದ್ದಾನೆ ನೋಡಿ. ಸೊನ್ನೆಯಿಂದ ಭಾಗಿಸಿಬಿಟ್ಟಿದ್ದೇನೆ. ಸೊನ್ನೆಯಿಂದ ಭಾಗಿಸಿದವನು ಏನನ್ನೂ ಸಾಧಿಸಬಹುದು, ಆದರೆ ಅವನ ಮಾತನ್ನು ಯಾರೂ ನಂಬಬಾರದು" ಎನ್ನುತ್ತಿದ್ದರು. ಗಣಿತದಲ್ಲಿ ನನಗೆ ಹುಚ್ಚು ಹಿಡಿದದ್ದು ಆ ದಿನ. ಅವರ ಇನ್ನೊಂದು ಪ್ರಸಿದ್ಧ ಮಾತು 'ಹೊಡೆದು ಹಾಕು'. ಭಿನ್ನರಾಶಿಯ ಮೇಲೂ ಕೆಳಗೂ ಒಂದೇ ಪದ ಕಂಡರೆ ಸಾಕು, "ಹೊಡೆದು ಹಾಕು!" ಎಂದು ಅವರು ಗುಡುಗುವುದು ರಸ್ತೆಗೆ ಕೇಳುತ್ತಿತ್ತು. ದಾರಿಹೋಕರು ಯಾರಿಗೋ ಪೆಟ್ಟು ಬೀಳುತ್ತಿದೆ ಎಂದುಕೊಳ್ಳುತ್ತಿದ್ದರಂತೆ.

ತರಬೇತಿ ಕೊಡಲು ಬಂದ, ಅಲ್ಲಿಯದೇ ಕಾಲೇಜಿನ ಲೋಬೊ ಸರ್ ನಮ್ಮೆಲ್ಲರಿಗಿಂತ ಚಿಕ್ಕವರು. ಆಗಷ್ಟೇ ಎಂ.ಎಸ್ಸಿ. ಮುಗಿಸಿದ್ದರು, ಮೀಸೆ ಬರಲೋ ಬೇಡವೋ ಎಂದು ಇನ್ನೂ ಯೋಚಿಸುತ್ತಿತ್ತು. ಅವರು ಬೋರ್ಡಿಗೆ ಬೆನ್ನು ಹಾಕಿ, "ಇವತ್ತು ಫಂಕ್ಷನ್ ಉಂಟು" ಎಂದರು. ಹಿಂದಿನ ಬೆಂಚಿನಿಂದ ಒಬ್ಬ ಹಿರಿಯರು, "ಯಾರ ಮನೆಯಲ್ಲಿ?" ಎಂದು ಕೇಳಿದರು. ಅವರು ನಿಜವಾಗಿಯೇ ಕೇಳಿದ್ದು. ಫಂಕ್ಷನ್ ಎಂದರೆ ನಮಗೆಲ್ಲ ಮದುವೆಯೋ ಗೃಹಪ್ರವೇಶವೋ ತಾನೆ? ಕನ್ನಡದಲ್ಲಿ ಅದಕ್ಕೆ 'ಉತ್ಪನ್ನ' ಎಂದು ಲೋಬೊ ಸರ್ ವಿವರಿಸಿದಾಗ ಅಡಿಕೆ, ಕರಿಮೆಣಸು ನೆನಪಾಗಿ ಗೊಂದಲ ಇನ್ನೂ ಹೆಚ್ಚಿತು. ಅದರ ಡೊಮೇನಿಗೆ 'ಕ್ಷೇತ್ರ' ಎಂದಾಗಲಂತೂ ನಮ್ಮಲ್ಲಿ ಕೆಲವರು ಕೈ ಮುಗಿಯುವುದಷ್ಟೇ ಬಾಕಿ.

ಪಾಪ, ಅವರು ಸೋಲಲಿಲ್ಲ. "ಅಕ್ಕಿ ಮಿಲ್ಲು ನೋಡಿದ್ದೀರಲ್ಲ? ಭತ್ತ ಹಾಕಿದರೆ ಅಕ್ಕಿ ಬರ್ತದೆ. ಕಲ್ಲು ಹಾಕಿದರೆ?"

"ಮಿಲ್ಲು ಹಾಳಾಗ್ತದೆ," ಎಂದೆವು.

"ಫಂಕ್ಷನ್ ಕೂಡ ಹಾಗೆಯೇ. ಒಂದು ಸಂಖ್ಯೆ ಹಾಕಿದರೆ ಇನ್ನೊಂದು ಸಂಖ್ಯೆ ಬರ್ತದೆ. ಯಾವ ಯಾವ ಸಂಖ್ಯೆ ಹಾಕಿದರೆ ಮಿಲ್ಲು ಹಾಳಾಗುವುದಿಲ್ಲವೋ, ಅದೆಲ್ಲ ಸೇರಿ ಡೊಮೇನ್. ಲೆಕ್ಕ ಮಾಡುವ ಮೊದಲು ಅದನ್ನು ಕೇಳಬೇಕು."

ನಾನು ಬೆರಗಾದೆ. ಲೆಕ್ಕ ಮಾಡುವ ಮೊದಲು ಕೇಳುವುದು! ನಾವು ಕಲಿತ ಬೀಜಗಣಿತದಲ್ಲಿ ಲೆಕ್ಕವನ್ನು ಕಂಡ ಕೂಡಲೇ ಮೈಮೇಲೆ ಬೀಳುವುದೇ ಪದ್ಧತಿ. ಎಕ್ಸ್ ಅನ್ನು ಹಿಡಿ, ಆ ಕಡೆ ತಳ್ಳು, ಈ ಕಡೆ ಎಳೆ, ಉತ್ತರಕ್ಕೆ ಅಡಿಗೆರೆ ಎಳೆ. ಆ ಎಕ್ಸ್ ಯಾರು, ಒಳಗೆ ಬರಲು ಅವನಿಗೆ ಅನುಮತಿ ಇದೆಯೇ ಎಂದು ಯಾರೂ ವಿಚಾರಿಸಿದ್ದಿಲ್ಲ. ಲೋಬೊ ಸರ್ ಎಕ್ಸ್ ಮೈನಸ್ ನಾಲ್ಕರ ವರ್ಗಮೂಲ ಬರೆದು, ನಾಲ್ಕಕ್ಕಿಂತ ಕಡಿಮೆಯವರಿಗೆ ಇಲ್ಲಿ ಪ್ರವೇಶವಿಲ್ಲ ಎಂದಾಗ ನಾವು ತಲೆಯಾಡಿಸಿದೆವು. ಋಣಸಂಖ್ಯೆಗೆ ವರ್ಗಮೂಲ ತೆಗೆಯಲು ನಮ್ಮ ಹತ್ತಿರ ಸಂಖ್ಯೆಯಿಲ್ಲ, ಅದು ಸರಿ.

ಆಮೇಲೆ ಅವರು ಇನ್ನೊಂದು ಬರೆದರು. ಮೇಲೆ ಎಕ್ಸ್ ವರ್ಗ ಮೈನಸ್ ಒಂಬತ್ತು. ಕೆಳಗೆ ಎಕ್ಸ್ ಮೈನಸ್ ಮೂರು. "ಇದರ ಡೊಮೇನ್ ಯಾವುದು?"

ಸೀತಾರಾಮ ಮಾಸ್ಟ್ರು ಎದ್ದು ನಿಂತರು. ಸಣ್ಣ ಹುಡುಗರ ಬೆಂಚಿನಿಂದ ಅವರು ಏಳುವುದೇ ಒಂದು ದೃಶ್ಯ. "ಇದೆಂಥ ದೊಡ್ಡ ಸಂಗತಿ? ಮೇಲಿನದ್ದನ್ನು ಬಿಡಿಸಿದರೆ ಎಕ್ಸ್ ಮೈನಸ್ ಮೂರು, ಎಕ್ಸ್ ಪ್ಲಸ್ ಮೂರು. ಮೇಲೊಂದು ಕೆಳಗೊಂದು ಹೊಡೆದು ಹಾಕಿದರೆ ಎಕ್ಸ್ ಪ್ಲಸ್ ಮೂರು ಉಳಿಯುತ್ತದೆ. ಅದಕ್ಕೆ ಯಾವ ಸಂಖ್ಯೆಯನ್ನೂ ಹಾಕಬಹುದು."

ಕೋಣೆಯಿಡೀ ಒಪ್ಪಿತು. ಲೋಬೊ ಸರ್ ಸೀಮೆಸುಣ್ಣವನ್ನು ಬೆರಳುಗಳ ನಡುವೆ ತಿರುಗಿಸುತ್ತ, "ಬೇರೆ ಯಾರಾದರೂ...?" ಎಂದು ಮೆಲ್ಲಗೆ ಕೇಳಿದರು. ನಾನು ಸುಮ್ಮನಿರಬೇಕಿತ್ತು. ಆದರೆ ಮನಸ್ಸಿನಲ್ಲಿ ಆಗಲೇ ಒಂದೊಂದೇ ಸಂಖ್ಯೆಯನ್ನು ಮಿಲ್ಲಿಗೆ ಹಾಕಿ ನೋಡುತ್ತಿದ್ದೆ. ಒಂದು ಹಾಕಿದೆ, ಹೋಯಿತು. ಎರಡು, ಹೋಯಿತು. ಮೂರು ಹಾಕಿದರೆ ಮೇಲೆಯೂ ಸೊನ್ನೆ, ಕೆಳಗೂ ಸೊನ್ನೆ. ಮಿಲ್ಲು ಟರ್‍ರೆಂದು ನಿಂತೇಬಿಟ್ಟಿತು.

"ಮೂರೊಂದನ್ನು ಬಿಟ್ಟು," ಎಂದಿತು ನನ್ನ ಬಾಯಿ.

ಮಾಸ್ಟ್ರು ತಿರುಗಿದರು. "ಯಾಕೆ?"

"ಮೂರು ಹಾಕಿದರೆ ಕೆಳಗೆ ಸೊನ್ನೆ ಆಗ್ತದೆ ಮಾಸ್ಟ್ರೇ. ಹೊಡೆದು ಹಾಕುವುದು ಅಂದರೆ ಭಾಗಿಸುವುದೇ ಅಲ್ಲವಾ? ಸೊನ್ನೆಯಿಂದ ಭಾಗಿಸಬಾರದು ಅಂತ ನೀವೇ ಹೇಳಿಕೊಟ್ಟದ್ದು."

ಕೊನೆಯ ವಾಕ್ಯ ಬೇಡವಾಗಿತ್ತು. ಮಾಸ್ಟ್ರ ಮುಖ ಬಿಳಿಚಿತು. ಬೋರ್ಡನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಬೋರ್ಡನ್ನು ನೋಡಿದರು. ಆಮೇಲೆ ಕೈಚೀಲವನ್ನು ಹೆಗಲಿಗೇರಿಸಿ, ಯಾರಿಗೂ ಏನೂ ಹೇಳದೆ, ನಡುಮಧ್ಯಾಹ್ನದ ಬಿಸಿಲಿಗೆ ಇಳಿದು ಹೋದರು. ಲೋಬೊ ಸರ್ ನನ್ನತ್ತ, "ಎಂಥ ಟೀಚರೇ ಇದು?" ಎಂಬಂತೆ ನೋಡಿದರು. ಪ್ರಶ್ನೆ ಕೇಳಿದವರು ಅವರು, ಅಪರಾಧಿ ಮಾತ್ರ ನಾನು.

ಸಂಜೆ ಸಿದ್ಧಕಟ್ಟೆಯ ದಾರಿಯಾಗಿ ಬರುವ ಬಸ್ಸಿನಲ್ಲಿ ಅವರ ಸೀಟು ಖಾಲಿಯಿತ್ತು. ಮನೆಯಲ್ಲಿ ಸುದ್ದಿ ಕೇಳಿದ ಅಮ್ಮ ಹೌಹಾರಿ ಕೂತಳು. "ಮಾಸ್ಟ್ರಿಗೆ ಎದುರು ಮಾತಾಡಿದೆಯಾ? ಅಷ್ಟು ಜನರ ಎದುರು? ಒಂದು ಮೂರಕ್ಕೋಸ್ಕರ?" ಮೂರು ಸರಿಯಾಗಿತ್ತು ಎಂದು ನಾನು ಹೇಳಹೊರಟರೆ, "ಸರಿ ಆದರೆ ಏನಾಯಿತು?" ಎಂದಳು. ಅದಕ್ಕೆ ಯಾವ ಗಣಿತದಲ್ಲೂ ಉತ್ತರವಿಲ್ಲ. ಬೆಳಗ್ಗೆಯೇ ಹೋಗಿ ಕಾಲಿಗೆ ಬಿದ್ದು ಬಾ ಎಂದು ಅಪ್ಪಣೆಯಾಯಿತು.

ನನಗೆ ಸಮಾಧಾನಕ್ಕಿದ್ದದ್ದು ಒಂದೇ. ಈ ಸೊನ್ನೆಯಲ್ಲಿ ಎಡವಿದವರು ಸಣ್ಣವರಲ್ಲ. ಸೊನ್ನೆಯನ್ನು ಲೋಕಕ್ಕೆ ಕೊಟ್ಟ ನಮ್ಮ ದೇಶದವರೇ ಅದರಿಂದ ಭಾಗಿಸುವಾಗ ತಡಬಡಾಯಿಸಿದ್ದಾರೆ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆ ಎಂದರು ಒಬ್ಬರು. ಬೇರೆ ಸಂಖ್ಯೆಯನ್ನು ಭಾಗಿಸಿದರೆ ಅನಂತ ಎಂದರು ಇನ್ನೊಬ್ಬರು. ನಮ್ಮ ಜೈನ ಪಂಡಿತರೊಬ್ಬರಂತೂ ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆಗೆ ಏನೂ ಆಗುವುದಿಲ್ಲ, ಇದ್ದ ಹಾಗೆಯೇ ಇರುತ್ತದೆ ಎಂದುಬಿಟ್ಟರು. ಅಹಿಂಸೆ ಅವರಿಗೆ ಲೆಕ್ಕದಲ್ಲೂ ಬಿಡದು. ಆದರೆ ಅವರಿಗೆ ಯಾರೂ, "ಮೊನ್ನೆ ನೀವೇ ಹೇಳಿದ್ದಿರಲ್ಲ?" ಎಂದಿರಲಿಕ್ಕಿಲ್ಲ.

ಬೆಳಗ್ಗೆ ಮಾಸ್ಟ್ರ ಮನೆಯ ಮೆಟ್ಟಿಲು ಹತ್ತಿದವಳು ಅಲ್ಲೇ ನಿಂತೆ. ಕಾಲಿಡಲು ಜಾಗವಿರಲಿಲ್ಲ. ಕಾವಿ ಬಳಿದ ಜಗಲಿಯ ಉದ್ದಗಲಕ್ಕೂ ಸೀಮೆಸುಣ್ಣದಲ್ಲಿ ಲೆಕ್ಕಗಳು. ಅವುಗಳ ನಡುವೆ ಪಂಚೆ ಉಟ್ಟ ಮಾಸ್ಟ್ರು ಕುಕ್ಕರುಗಾಲಿನಲ್ಲಿ ಕೂತಿದ್ದರು. ಅವರ ಹೆಂಡತಿ ಲಕ್ಷ್ಮಕ್ಕ ಬಾಗಿಲಲ್ಲಿ ನಿಂತು, "ನೋಡು ಸುಮತಿ, ನಿನ್ನೆ ಸಂಜೆಯಿಂದ ಹೀಗೆಯೇ. ಗುಡಿಸಲಿಕ್ಕೂ ಬಿಡುವುದಿಲ್ಲ. ಬಿಸಿಲು ತಲೆಗೆ ಹತ್ತಿತೋ ಏನೋ" ಎಂದು ಪಿಸುಗುಟ್ಟಿದರು.

ನಾನು, "ಮಾಸ್ಟ್ರೇ, ನಿನ್ನೆ ನನ್ನದು ತಪ್ಪಾಯಿತು..." ಎಂದು ಬಾಗಿದೆ.

"ಯಾವುದು ತಪ್ಪು?" ಅವರು ತಲೆ ಎತ್ತಲಿಲ್ಲ. "ನೀನು ಹೇಳಿದ್ದು ಸರಿ. ಎಲ್ಲ ರೀತಿಯಲ್ಲಿ ಮಾಡಿ ನೋಡಿದೆ, ಮೂರು ಒಳಗೆ ಬರುವುದೇ ಇಲ್ಲ. ಸರಿ ಹೇಳಿದ್ದಕ್ಕೆ ನೀನು ಕ್ಷಮೆ ಕೇಳಿದರೆ, ತಪ್ಪು ಹೇಳಿದ ನಾನು ಎಂಥ ಕೇಳುವುದು?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಈ ಮಾತಿಗೆ ಬಾಗಿದವಳು ಹಾಗೆಯೇ ಎದ್ದು ನಿಂತೆ. ನಮ್ಮ ಕಾಲದಲ್ಲಿ ಮಾಸ್ಟ್ರುಗಳು ಸತ್ತದ್ದನ್ನು ಕೇಳಿದ್ದೇವೆ, ತಪ್ಪಿದೆ ಎಂದದ್ದನ್ನು ಕೇಳಿರಲಿಲ್ಲ.

ನಿಜವಾದ ಆಘಾತ ಕಾದಿದ್ದು ಬಸ್ಸಿನಲ್ಲಿ. ಟಿಕೆಟಿಗೆಂದು ಬಂದ ಕಂಡಕ್ಟರ್ ಬಾಬು ಅವರ ಹಳೆಯ ವಿದ್ಯಾರ್ಥಿ. ಮಾಸ್ಟ್ರು ಅವನ ತೋಳು ಹಿಡಿದರು. "ಬಾಬು, ನಾನು ನಿನಗೆ ಹೊಡೆದು ಹಾಕುವ ಲೆಕ್ಕ ಕಲಿಸಿದ್ದೆ, ನೆನಪುಂಟಾ? ಅದರಲ್ಲೊಂದು ಬಿಟ್ಟುಹೋಗಿದೆ. ಕೆಳಗಿನದ್ದು ಸೊನ್ನೆ ಆಗುವ ಸಂಖ್ಯೆಯನ್ನು ಮೊದಲೇ ಹೊರಗಿಡಬೇಕು."

ಬಾಬು ಕಣ್ಣು ಕಣ್ಣು ಬಿಟ್ಟ. "ಮಾಸ್ಟ್ರೇ, ನಾನು ಲೆಕ್ಕದಲ್ಲಿ ಫೇಲು. ನೀವು ಹೇಳಿಕೊಟ್ಟದ್ದು ಒಂದೂ ನನ್ನ ತಲೆಗೆ ಹೋಗಿರಲಿಲ್ಲ."

"ಹಾಗಾದರೆ ನೀನು ಬಚಾವ್," ಎಂದರು ಮಾಸ್ಟ್ರು, ಗಂಭೀರವಾಗಿ.

ತರಗತಿಯಲ್ಲಿ ಅವರು ನೇರ ಬೋರ್ಡಿಗೆ ಹೋಗಿ, ಲೋಬೊ ಸರ್ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡು, ಎಕ್ಸ್ ಪ್ಲಸ್ ಮೂರು ಬರೆದು, ಅದರ ಪಕ್ಕ 'ಮೂರೊಂದನ್ನು ಬಿಟ್ಟು' ಎಂದು ದುಂಡಾಗಿ ಬರೆದು ತಮ್ಮ ಜಾಗಕ್ಕೆ ಮರಳಿದರು. ಅವರ ಮನೆಗೆ ಬಂದು ಮಾತಾಡಬೇಕೆಂದು ನಿಶ್ಚಯಿಸಿಕೊಂಡಿದ್ದ ಲೋಬೊ ಸರ್, "ಥ್ಯಾಂಕ್ಯೂ ಸರ್" ಎಂದರು. ಎರಡು ಸಲ.

ಅಲ್ಲಿಗೆ ಮುಗಿಯಿತೆಂದುಕೊಂಡೆ. ಮುಗಿಯಲಿಲ್ಲ. ಮಾಸ್ಟ್ರು ಪೇಟೆಯಲ್ಲಿ ಕಂಡ ಕಂಡ ಹಳೆಯ ವಿದ್ಯಾರ್ಥಿಗಳನ್ನು ನಿಲ್ಲಿಸಿ ತಿದ್ದತೊಡಗಿದರು. ಬಟ್ಟೆ ಅಂಗಡಿಯ ಪ್ರಭುಗಳು ಮದುವೆ ಸೀರೆ ಬಿಡಿಸಿ ಹರಡಿದ್ದಾಗ ಹೋಗಿ ತಿದ್ದಿದರು. ಕೋರ್ಟಿಗೆ ಓಡುತ್ತಿದ್ದ ವಕೀಲರೊಬ್ಬರನ್ನು ಸೇತುವೆಯ ಮೇಲೆ ಅಡ್ಡಗಟ್ಟಿದರು. ಕಲ್ಲಡ್ಕದಲ್ಲಿ ಮದುವೆಯೂಟದ ಪಂಕ್ತಿಯಲ್ಲಿ, ಪಾಯಸ ಬಡಿಸುತ್ತಿದ್ದ ಮದುಮಗಳ ಅಣ್ಣನನ್ನು ಕೂರಿಸಿಕೊಂಡು ಬಾಳೆಲೆಯ ತುದಿಯಲ್ಲಿ ಲೆಕ್ಕ ಬರೆದರಂತೆ. ಮಾಸ್ಟ್ರಿಗೆ ತಲೆ ಕೆಟ್ಟಿದೆ ಎಂಬ ಸುದ್ದಿ ಹಬ್ಬಿತು. ಶಾಲೆಯ ಆಡಳಿತದವರು, ಇಷ್ಟು ವರ್ಷ ತಪ್ಪು ಕಲಿಸಿದ್ದೇನೆಂದು ತಾವೇ ಸಾರುವವರನ್ನು ನಿವೃತ್ತಿಯವರೆಗೆ ಇಟ್ಟುಕೊಳ್ಳುವುದೋ ಬೇಡವೋ ಎಂದು ಮಾತಾಡಿಕೊಂಡರಂತೆ. ಲಕ್ಷ್ಮಕ್ಕ ನಮ್ಮ ಮನೆಗೆ ಬಂದು ಅತ್ತರು. "ಶುರು ಮಾಡಿದವಳು ನೀನು, ನೀನೇ ನಿಲ್ಲಿಸು."

ನಾನು ಹೋಗಿ, "ಮಾಸ್ಟ್ರೇ, ಅವರಿಗೆ ಯಾರಿಗೂ ಆ ಲೆಕ್ಕ ನೆನಪಿಲ್ಲ. ಬಿಡಿ" ಎಂದೆ.

"ಅವರಿಗೆ ನೆನಪಿಲ್ಲ. ನನಗೆ ನೆನಪುಂಟಲ್ಲ?"

"ಕೆಲಸಕ್ಕೆ ಸಂಚಕಾರ ಬಂದರೆ?"

"ಬಂದರೆ ಬರಲಿ. ಅವರೆಲ್ಲ ನನ್ನ ಮಾತು ನಂಬಿದವರು ಮಾರಾಯ್ತಿ. ನಂಬಿದವರನ್ನು ದಾರಿಯಲ್ಲಿ ಬಿಡಲಿಕ್ಕಾಗ್ತದಾ?"

ಕೆಲಸಕ್ಕೇನೂ ಆಗಲಿಲ್ಲ. ಆಡಳಿತ ಮಂಡಳಿಯಲ್ಲಿದ್ದವರೂ ಅವರ ವಿದ್ಯಾರ್ಥಿಗಳೇ. ವಿಚಾರಣೆಗೆಂದು ಕರೆಸಿದ ಸಭೆಯಲ್ಲಿ ಅವರಿಗೂ ಅದೇ ಲೆಕ್ಕವನ್ನು ತಿದ್ದಿ ಬಂದರಂತೆ. ಅಧ್ಯಕ್ಷರು ಕೊನೆಗೆ, "ಅರ್ಥವಾಯಿತು ಮಾಸ್ಟ್ರೇ, ಇನ್ನು ಕೂತುಕೊಳ್ಳಬಹುದಾ?" ಎಂದು ಕೇಳಿದರಂತೆ. ಊರು ನಕ್ಕಿತು, ಆಮೇಲೆ ನಗುವುದನ್ನು ಬಿಟ್ಟಿತು. ಮಕ್ಕಳನ್ನು ಅವರ ಹತ್ತಿರವೇ ಪಾಠಕ್ಕೆ ಕಳಿಸಬೇಕು ಎನ್ನುವವರು ಹೆಚ್ಚಾದರು.

ಮಳೆಗಾಲ ಹಿಡಿದ ಮೇಲೆ ಬೆಳ್ತಂಗಡಿಯಲ್ಲಿ ನಾನು ಮೊದಲ ಸಲ ಡೊಮೇನ್ ಪಾಠ ಮಾಡುತ್ತಿದ್ದೆ. ಬಾಗಿಲಲ್ಲಿ ನೆರಳು ಕಂಡಿತು. ಒದ್ದೆಯಾದ ಮಾಸ್ಟ್ರು! ಇತ್ತ ಕಡೆ ಏನೋ ಕೆಲಸವಿತ್ತು ಎಂದರು. ನನಗೆ ನಂಬಿಕೆ ಬರಲಿಲ್ಲ. ಕುರ್ಚಿ ಕೊಟ್ಟರೆ ಬೇಡವೆಂದು ಹಿಂದಿನ ಬೆಂಚಿನಲ್ಲಿ ಮಕ್ಕಳ ನಡುವೆ ತೂರಿಕೊಂಡರು. ನಾನು ಪಾಠ ಮುಗಿಸಿ, ಅಭ್ಯಾಸಬಲದಿಂದ, "ಯಾರಿಗಾದರೂ ಸಂಶಯ ಉಂಟಾ?" ಎಂದೆ. ಮಕ್ಕಳು ಎಂದಿನಂತೆ ಇಲ್ಲವೆಂದು ತಲೆಯಾಡಿಸಿದರು. ನರೆತ ರೋಮದ ಒಂದು ಕೈ ಮಾತ್ರ ಮೇಲೆದ್ದಿತು. ಇಡೀ ತರಗತಿ ಗರಬಡಿದಂತೆ ಹಿಂತಿರುಗಿ ನೋಡಿತು.

"ಮೂರು ಒಳಗೆ ಬರಬಾರದು, ಒಪ್ಪಿದೆ ಟೀಚರೇ," ಎಂದರು ನನ್ನ ಮಾಸ್ಟ್ರು. "ಆದರೆ ಮೂರರ ಹತ್ತಿರ ಹತ್ತಿರ ಹೋದರೆ ಉತ್ತರ ಆರರ ಹತ್ತಿರ ಹತ್ತಿರ ಬರ್ತದೆ. ಮನೆಯಲ್ಲಿ ಮಾಡಿ ನೋಡಿದೆ. ಇನ್ನೂ ಹತ್ತಿರ ಹೋದರೆ ಇನ್ನೂ ಹತ್ತಿರ. ಯಾರೂ ಇಲ್ಲದ ಜಾಗವನ್ನು ಅದು ಹೇಗೆ ಅಷ್ಟು ಸರಿಯಾಗಿ ತೋರಿಸ್ತದೆ?"

ನನಗೆ ಗೊತ್ತಿರಲಿಲ್ಲ. ಮಕ್ಕಳೆಲ್ಲ ನನ್ನನ್ನೇ ನೋಡುತ್ತಿದ್ದರು. ಗೊತ್ತಿಲ್ಲ ಎಂದು ತರಗತಿಯಲ್ಲಿ ಹೇಳುವುದು ಎಷ್ಟು ಕಷ್ಟವೆಂದು ನಿಮಗೆ ಗೊತ್ತಿದ್ದರೆ ನೀವೂ ಪಾಠ ಹೇಳುವವರೇ ಇರಬೇಕು. ಆದರೆ ಆ ಹೊತ್ತಿಗೆ ಅದು ನನ್ನ ಬಾಯಿಂದ ಸಲೀಸಾಗಿ ಬಂತು.

"ಗೊತ್ತಿಲ್ಲ ಮಾಸ್ಟ್ರೇ."

ಅವರ ಮುಖ ಅರಳಿತು. "ನನಗೂ ಗೊತ್ತಿಲ್ಲ. ಶನಿವಾರ ಮೂಡಬಿದಿರೆಗೆ ಹೋಗುವ. ಆ ಲೋಬೊ ಹುಡುಗನ ಹತ್ತಿರ ಕೇಳುವ."