ಗೋಡೆಯ ಮೇಲಿನ ನೀರಿನ ಗೆರೆ

ಮಕ್ಕಳೇ, ಕೊರೊನಾ ಕಳೆದ ಮರುವರ್ಷ ನಾನು ಇದೇ ಗಲ್ಫಿನ ಮನಾಮಾ ನಗರದ ಹೂರಾ ಬಡಾವಣೆಯಲ್ಲಿ ಒಂದು ವಿಮಾ ಕಚೇರಿಯ ಕೌಂಟರಿನಲ್ಲಿದ್ದೆ. ನಿಮ್ಮ ಅಜ್ಜ ತೀರಿಕೊಂಡ ಮೇಲೆ ಸಿಕ್ಕಿದ ಕೆಲಸ. ಹಳ್ಳಿ ಶಾಲೆಯಲ್ಲಿ ಕಲಿತವಳು ನಾನು, ನಾಲ್ಕು ಜನರೆದುರು ಮಾತಾಡಲು ನಾಚಿಕೆ. ಆದರೆ ತುಳು, ಕೊಂಕಣಿ, ಹಿಂದಿ ಬರುತ್ತಿದ್ದುದರಿಂದ ನಮ್ಮವರ ಕ್ಲೇಮುಗಳು, ಅಂದರೆ ನಷ್ಟಕ್ಕೆ ಪರಿಹಾರ ಕೇಳಿದ ಅರ್ಜಿಗಳು, ನನ್ನ ಮೇಜಿಗೇ ಬರುತ್ತಿದ್ದವು.

ನೆಲಮಹಡಿಯ ಸಣ್ಣ ಅಂಗಡಿಗಳಿಗೆ ಆಗ ಸರಕಾರದ ನೆರೆ ವಿಮೆಯಿತ್ತು. ಕೆಲಸ ನಮ್ಮ ಕಚೇರಿಯದು, ಹಣ ಸರಕಾರದ ಬಜೆಟ್ಟಿನದು. ಇಲ್ಲಿ ಮಳೆ ಅಪರೂಪ, ಆದರೆ ಬಂದ ನೀರಿಗೆ ಹರಿದುಹೋಗಲು ದಾರಿಯಿಲ್ಲ. ಮೊದಲು ಫೋಟೋ ಮತ್ತು ಪಕ್ಕದವರ ಮಾತು ಸಾಕಾಗುತ್ತಿತ್ತು. ಖರ್ಚು ಹೆಚ್ಚಾಯಿತೆಂದು ಆ ವರ್ಷ ನಿಯಮ ಬದಲಾಯಿತು: ಗೋಡೆಯ ಮೇಲೆ ನೀರು ನಿಂತ ಗೆರೆಯನ್ನು ಸರ್ವೇಯರ್, ಅಂದರೆ ನಷ್ಟ ಪರಿಶೀಲಿಸುವವನು, ಕಣ್ಣಾರೆ ನೋಡಬೇಕು. ಉಳಿತಾಯಕ್ಕೆಂದು ಸರ್ವೇಯರ್‌ಗಳನ್ನೂ ಕಡಿಮೆ ಮಾಡಿದರು.

ಆ ಜನವರಿಯ ಮಳೆಗೆ ಸನದ್ ಎಂಬ ಬಡಾವಣೆಯಲ್ಲಿ ಲಿಲ್ಲಿಯ ಹೊಲಿಗೆ ಅಂಗಡಿಯೊಳಗೆ ಮೊಣಕಾಲುದ್ದ ನೀರು ನುಗ್ಗಿತು. ಉಡುಪಿ ಕಡೆಯ ಕ್ಯಾಥೊಲಿಕ್ ಹೆಂಗಸು. ಮೆಷಿನ್ನುಗಳ ಮೋಟಾರೆಲ್ಲ ಹಾಳಾದವು. ಅವಳ ವೀಸಾ ನಿಂತಿದ್ದೇ ಆ ಅಂಗಡಿಯ ಮೇಲೆ; ಅದು ಮುಚ್ಚಿದರೆ ಈ ದೇಶದಲ್ಲಿರುವಂತಿಲ್ಲ. ನಿಯಮ ಬದಲಾದದ್ದು ಅವಳಿಗೆ ಗೊತ್ತಿರಲಿಲ್ಲ. ನಮ್ಮ ಸರ್ವೇಯರ್, ಬೆಂಗಳೂರಿನ ರಘು, ಅಲ್ಲಿಗೆ ಹೋಗುವಾಗ ಮೂರು ವಾರ ಕಳೆದಿತ್ತು. ವಿವರ ಬರೆದುಕೊಳ್ಳಲು ನಾನೂ ಹೋದೆ.

ಒಳಗೆ ಫಿನಾಯಿಲ್ ವಾಸನೆ. ನೆಲ ಹೊಳೆಯುತ್ತಿತ್ತು. ಗೋಡೆಗೆ ಹೊಸ ಬಣ್ಣ.

"ಇದೇನ್ ಮೇಡಂ, ಮದುವೆ ಮನೆ ಥರ ಇದೆ! ನೀರು ಎಲ್ಲಿವರ್ಗೂ ಬಂದಿತ್ತು?" ಎಂದ ರಘು.

"ಗಲೀಜು ಹಾಗೇ ಇಡ್ಲಿಕ್ಕೆ ಆಗ್ತದಾ ಮಾರಾಯ್ರೆ? ಶುಕ್ರವಾರ ರಜೆ ಅಲ್ವಾ, ಪ್ರಾರ್ಥನೆಗೆ ನಮ್ಮ ಇಗರ್ಜಿಯವರೆಲ್ಲ ಇಲ್ಲಿಗೇ ಬರುದು. ದೇವರ ಪಟದ ಎದುರು ಕೆಸರಾ?" ಲಿಲ್ಲಿ ನನ್ನತ್ತ ತಿರುಗಿದಳು. "ಅಕ್ಕಾ, ನೀವಾದ್ರೂ ಹೇಳಿ. ನೀವು ತೊಳೀತಿರ್ಲಿಲ್ವಾ?"

ತೊಳೆಯುತ್ತಿದ್ದೆ. ನಮ್ಮ ಕಡೆಯ ಯಾವ ಹೆಂಗಸೂ ತೊಳೆಯದೆ ಬಿಡುತ್ತಿರಲಿಲ್ಲ.

ಅವಳು ಮೊಬೈಲ್ ತೆರೆದು ನೀರಲ್ಲಿ ಮುಳುಗಿದ ಮೆಷಿನ್ನುಗಳ ಫೋಟೋ ತೋರಿಸಿದಳು. ರಘು ಬಹಳ ಹೊತ್ತು ನೋಡಿದ. "ನಂಗೆ ಅರ್ಥ ಆಗುತ್ತೆ ಮೇಡಂ. ಆದ್ರೆ ಈಗ ಫೋಟೋ ನಡೆಯಲ್ಲ."

ಕ್ಲೇಮು ತಿರಸ್ಕಾರವಾಯಿತು. ಬೇಸಿಗೆಗೆ ಮುಂಚೆಯೇ ಲಿಲ್ಲಿ ಅಂಗಡಿ ಮುಚ್ಚಿ ಊರಿಗೆ ಹೋದಳು. ವರ್ಷದ ಕೊನೆಗೆ, ಪರಿಹಾರದ ಖರ್ಚು ಚೆನ್ನಾಗಿ ಇಳಿದಿದೆಯೆಂದು ಮ್ಯಾನೇಜರ್ ಕೇಕ್ ತರಿಸಿದರು. ನನ್ನ ತುಂಡನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ.

ಲಿಲ್ಲಿಯ ಸುದ್ದಿ ಅಷ್ಟರಲ್ಲಿ ಎಲ್ಲ ಕಡೆ ಹಬ್ಬಿತ್ತು. ಮುಂದಿನ ಮಳೆಗೆ ಯಾರೂ ಒರೆಸಲಿಲ್ಲ. "ಅಕ್ಕಾ, ಒಂದು ಕಡ್ಡಿ ಸಹ ಮುಟ್ಲಿಲ್ಲ, ಸರ್ವೇಯರ್ ಯಾವಾಗ ಬರುದು?" ಎಂದು ದಿನವಿಡೀ ಫೋನು. ಒಣಗಿಸಿದ್ದರೆ ಉಳಿಯುತ್ತಿದ್ದ ಬಟ್ಟೆ, ಮರ, ಅಕ್ಕಿ ಮೂಟೆಗಳು ವಾರಗಟ್ಟಲೆ ಕೊಳೆತವು. ಗೆರೆ ಮಾತ್ರ ಎಲ್ಲರ ಗೋಡೆಯಲ್ಲೂ ಇತ್ತು, ಪರಿಹಾರ ಕೊಡಲೇಬೇಕಾಯಿತು. ಖರ್ಚು ಹಳೆಯ ನಿಯಮದ ಕಾಲಕ್ಕಿಂತಲೂ ಮೇಲೇರಿತು. ಕೊನೆಗೆ ಬಜೆಟ್ ತಾಳದೆಂದು ವಿಮೆಯನ್ನೇ ನಿಲ್ಲಿಸಿದರು. ಅದರೊಂದಿಗೆ ನನ್ನ ಕೆಲಸವೂ ಹೋಯಿತು.

ನೀರು ಬಂದಾಗ ಜನ ಏನು ಮಾಡುತ್ತಾರೆಂದು ಕೇಳದೆ ಮಾಡಿದ ಉಳಿತಾಯ ಉಳಿಯುವುದಿಲ್ಲ. ಆ ಕೆಲಸ ನನಗೆ ಕಲಿಸಿದ್ದು ಇಷ್ಟೇ, ಕಲಿತು ಯಾರಿಗೂ ಉಪಯೋಗವಾಗಲಿಲ್ಲ.

ಈ ಸಲ ಇಲ್ಲಿ ಜಿಂಜ್ ಬಡಾವಣೆಯ ನಮ್ಮ ಮನೆಗೂ ನೀರು ಬಂದಾಗ, "ಅಜ್ಜಿ, ಒರೆಸುವ ಬಟ್ಟೆ ಹಿಡ್ಕೊಂಡು ಸುಮ್ಮನೆ ನಿಂತದ್ದು ಯಾಕೆ?" ಎಂದು ಕೇಳಿದಿರಲ್ಲ. ನೋಡಲು ಯಾರೂ ಬರುವುದಿಲ್ಲವೆಂದು ನನಗೆ ಗೊತ್ತಿತ್ತು. ಆದರೂ ಗೋಡೆಯ ಆ ಗೆರೆಯನ್ನು ಒರೆಸಲು ಕೈ ಬರಲಿಲ್ಲ.